ಹದಿನೇಳು ಜನರ ಒಂದೇ ಉತ್ತರ

ನಮ್ಮ ಹದಿನೇಳು ಜನರ ಉತ್ತರ ಒಂದೇ ಆಗಿತ್ತು. ಅದೇ ನಮ್ಮ ಅಪರಾಧ. ಬೋರ್ಡಿನವರು ಕಳಿಸಿದ ಕಾಗದದಲ್ಲಿ ಹಾಗೇ ಇದೆ. ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಹಗಲು ಶಾಲೆಯ ಎಲ್ಲ ಅಭ್ಯರ್ಥಿಗಳೂ ಒಂದೇ ತಪ್ಪು ಉತ್ತರ ಬರೆದಿರುವುದರಿಂದ ಇದು ಸಾಮೂಹಿಕ ನಕಲು ಎಂದು ತೀರ್ಮಾನಿಸಲಾಗಿದೆ. ಕೆಳಗೆ ಒಂದು ಗೆರೆ. ಗೆರೆಯ ಮೇಲೆ ತಪ್ಪೊಪ್ಪಿಗೆಯ ಸಹಿ ಹಾಕಬೇಕು. ಹಾಕಿದರೆ ಮುಂದಿನ ವರ್ಷ ಮತ್ತೆ ಕೂರಬಹುದು. ಹಾಕದಿದ್ದರೆ ಮೂರು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ.

ನನಗೆ ಇಪ್ಪತ್ತು ವರ್ಷ. ಒಂದು ಮಗು ಇದೆ. ಬಸಿರಾದಾಗ ಶಾಲೆ ಬಿಡಿಸಿದ್ದರು. ಹೆತ್ತು ಎರಡು ತಿಂಗಳಿಗೆ ನಾನೇ ಹೋಗಿ ಹೆಡ್‌ಮಾಸ್ಟರ ಬಾಗಿಲಲ್ಲಿ ಕೂತೆ. ಮೂರು ದಿನ ಕೂತೆ. ಬೇಸತ್ತು ಸೇರಿಸಿಕೊಂಡರು. ಹೆರಿಗೆ ನರ್ಸಾಗಬೇಕು ಅಂತ ನನ್ನ ಆಸೆ. ಆ ಕಾಲೇಜಿನವರು ಭೌತಶಾಸ್ತ್ರ ಪಾಸಾಗದವರ ಅರ್ಜಿ ಮುಟ್ಟುವುದಿಲ್ಲ. ಅದಕ್ಕೇ ಬಲ, ಚಲನೆ, ವಿದ್ಯುತ್ ಕ್ಷೇತ್ರ ಅಂತ ಮಗುವಿಗೆ ಮೊಲೆಯೂಡಿಸುತ್ತ ಬಾಯಿಪಾಠ ಮಾಡಿದೆ. ಕದ್ದು ಬರೆಯುವವಳಿಗೆ ಇಷ್ಟೆಲ್ಲ ಒದ್ದಾಟ ಯಾಕೆ ಬೇಕಿತ್ತು?

ನಮ್ಮ ಮಲಾವಿ ದೇಶದಲ್ಲಿ ಎಂಟನೇ ತರಗತಿ ಮುಗಿದ ಮೇಲೆ ಮಕ್ಕಳನ್ನು ಕೇರುತ್ತಾರೆ. ಗಟ್ಟಿಕಾಳು ಹಾಸ್ಟೆಲ್ ಶಾಲೆಗೆ ಹೋಗುತ್ತದೆ. ಉಳಿದ ಜೊಳ್ಳು ಹಗಲು ಶಾಲೆಗೆ. ನಾವು ಜೊಳ್ಳು. ಬೆಳಿಗ್ಗೆ ಹೊಲದಲ್ಲಿ ಗುದ್ದಲಿ ಹಿಡಿದು, ಆಮೇಲೆ ಎರಡು ತಾಸು ನಡೆದು ಶಾಲೆಗೆ ಬರುವವರು. ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ. ಇರಬೇಕಿತ್ತು. ಎರಡು ಶಾಲೆಗೂ ಸೇರಿ ಒಂದು ಕಟ್ಟಿಸುತ್ತೇವೆ, ಇಟ್ಟಿಗೆ ಊರವರದ್ದು, ಸಿಮೆಂಟು ಸರ್ಕಾರದ್ದು ಅಂತ ಹಿಂದೊಮ್ಮೆ ಅಧಿಕಾರಿಗಳು ಬಂದು ಹೇಳಿದ್ದರು. ಊರ ಯಜಮಾನ ಮನೆಗೆ ಇಷ್ಟು ಅಂತ ಹಂಚಿದ. ಹುತ್ತ ಒಡೆದು ಮಣ್ಣು ತಂದೆವು. ಹೆಂಗಸರು ತುಳಿದು ಹದ ಮಾಡಿದರು. ಎರಡು ಬೇಸಿಗೆ ನಾವು ಹುಡುಗಿಯರು ಇಟ್ಟಿಗೆ ಹೊತ್ತೆವು. ಒಂದು ಸಲಕ್ಕೆ ಆರು. ನೆತ್ತಿಯ ಕೂದಲು ಉದುರಿ ಬೋಳಾಗಿತ್ತು ನನ್ನದು. ಲ್ಯಾಬ್ ಎದ್ದಿತು, ಹಾಸ್ಟೆಲ್ ಶಾಲೆಯ ಬೇಲಿಯೊಳಗೆ. ಅಲ್ಲಿ ಕರೆಂಟು ಇದೆ ಅಂದರು. ನಾಲ್ಕು ವರ್ಷದಲ್ಲಿ ಒಂದು ದಿನವೂ ನಮ್ಮನ್ನು ಒಳಗೆ ಬಿಡಲಿಲ್ಲ.

ನಮಗೆ ಕಲಿಸಿದವರು ಲೆಫಾನಿ ಮೇಷ್ಟ್ರು. ಗುತ್ತಿಗೆ ಮೇಷ್ಟ್ರು. ಹಳೇ ಸೈಕಲ್ ಟ್ಯೂಬು ಸೀಳಿ, ಅದಕ್ಕೆ ಕಲ್ಲು ಕಟ್ಟಿ, ಬಲ ಹೆಚ್ಚಾದಂತೆ ಎಷ್ಟು ಹಿಗ್ಗುತ್ತದೆ ಅಂತ ಅಳೆಸಿದರು. ಪೆನ್ನನ್ನು ನಮ್ಮ ತಲೆಗೇ ಉಜ್ಜಿ ಕಾಗದದ ಚೂರು ಎತ್ತಿಸಿ, ಕಣ್ಣಿಗೆ ಕಾಣದ ಎಳೆತ ಇದು ಅಂದರು. ರೇಡಿಯೋದಿಂದ ಬಿಚ್ಚಿದ ಸೆಲ್ಲುಗಳನ್ನು ತಂದು, ಸತ್ತವನ್ನು ಬಿಸಿಲಿಗಿಟ್ಟು, ಸ್ವಲ್ಪ ಜೀವ ಬಂದ ಮೇಲೆ ಪಾಠ ಮಾಡುತ್ತಿದ್ದರು. ಒಂದೇ ಒಂದು ಮುರುಕಲು ವೋಲ್ಟ್‌ಮೀಟರು ಇತ್ತು. ಅದರ ಮುಂದೆ ನಮ್ಮನ್ನು ಕೂರಿಸಿ ದಿನಾ ಹೇಳುತ್ತಿದ್ದರು:

"ಮುಳ್ಳು ಏನು ಹೇಳ್ತದೋ ಅದನ್ನ ಬರೀರಿ. ಪುಸ್ತಕ ಏನು ಹೇಳ್ತದೋ ಅದನ್ನಲ್ಲ. ಪುಸ್ತಕ ಬರೆದೋನು ನಿಮ್ಮ ಸೆಲ್ ನೋಡಿಲ್ಲ."

ಅದನ್ನು ನಂಬಿದೆವು. ನಮ್ಮ ತಪ್ಪು ಅಂದರೆ ಅದೊಂದೇ.

ಪ್ರಾಯೋಗಿಕ ಪರೀಕ್ಷೆಯ ದಿನ ಲ್ಯಾಬ್ ಇಲ್ಲದ ಶಾಲೆಯವರೆಲ್ಲ ಹಾಸ್ಟೆಲ್ ಶಾಲೆಗೇ ಹೋಗಬೇಕು. ಕೋಳಿ ಕೂಗುವ ಮೊದಲೇ ಹೊರಟೆವು. ಹದಿನಾಲ್ಕು ಕಿಲೋಮೀಟರು. ಮಗು ನನ್ನ ಬೆನ್ನಿಗೆ, ಅವಳನ್ನು ನೋಡಿಕೊಳ್ಳಲು ತಂಗಿ ಎನೆಲೆಸ್ ಜೊತೆಗೆ. ಗೇಟಿನಲ್ಲಿ ಹಾಸ್ಟೆಲಿನವರು ನೇರ ಒಳಗೆ ಹೋದರು. ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಶೂ ಇದ್ದವರ ಶೂ ಬಿಚ್ಚಿಸಿದರು. ಹುಡುಗಿಯರನ್ನು ತಡಕಲು ಅಡುಗೆಯವಳನ್ನು ನಿಲ್ಲಿಸಿದ್ದರು. ಅವಳು ನನ್ನ ಎದೆ ಹಿಡಿದು ಹಿಚುಕಿದಳು.

"ಏನೇ ಇದು, ಇಷ್ಟು ಗಟ್ಟಿ?"

"ಹಾಲು ಕಣಮ್ಮ. ಮಗು ಇದೆ."

"ಹಾಲೋ, ಚೀಟಿನೋ?"

ಮತ್ತೆ ಹಿಚುಕಿದಳು. ಹಾಲು ಬಟ್ಟೆ ದಾಟಿ ಅವಳ ಕೈಗೆ ಹತ್ತಿತು. ನನ್ನ ಸೊಂಟದ ಬಟ್ಟೆಗೇ ಒರೆಸಿಕೊಂಡಳು. "ಮಗು ಸಾಕ್ಕೊಂಡು ಬಿದ್ದಿರೋದು ಬಿಟ್ಟು ನಿಂಗ್ಯಾಕೆ ಬೇಕಿತ್ತು ಈ ಸರ್ಕಸ್ಸು?" ಅಂದಳು. ಗೇಟಿನ ಗಂಡಸರು ನಕ್ಕರು. ನನ್ನ ಹಿಂದೆ ನಿಂತಿದ್ದ ನಮ್ಮ ತರಗತಿಯ ಉಲೆಮು ನೆಲ ನೋಡಿದ. ಆ ದಿನ ಬಾಯಿ ಬಿಡದಿದ್ದುದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕು ತಂಡ ಮಾಡಿದ್ದರು. ಮೊದಲ ಮೂರು ಅವರದ್ದು, ಕೊನೆಯದು ನಮ್ಮದು. ಒಂದು ತಂಡದವರು ಇನ್ನೊಂದು ತಂಡದವರ ಜೊತೆ ಮಾತಾಡಬಾರದು ಅಂತ ಕಾಯುವವರನ್ನು ಕೂಡಿ ಹಾಕುತ್ತಾರೆ. ಅವರನ್ನು ಲೈಬ್ರರಿಯಲ್ಲಿ ಕೂಡಿದರು. ನಮ್ಮನ್ನು ಅಡುಗೆಮನೆಯ ಸೌದೆ ಕೊಟ್ಟಿಗೆಯಲ್ಲಿ. ಹೊತ್ತು ನೆತ್ತಿಗೇರಿದಾಗ ಬೀಗ ತೆಗೆದು ಹುಡುಗಿಯರನ್ನು ಕರೆದರು. ಪರೀಕ್ಷೆ ಶುರುವಾಯಿತೇನೋ ಅಂದುಕೊಂಡೆ. ಅಲ್ಲ. ಪ್ರಯೋಗದ ತಟ್ಟೆಗಳಿಗೆ ನೀರು ಬೇಕಿತ್ತು. ಬೋರ್‌ವೆಲ್ಲಿನಿಂದ ಎಂಟೆಂಟು ಬಕೆಟ್ ಹೊತ್ತು ಲ್ಯಾಬಿನ ಬಾಗಿಲಿಗೆ ಇಟ್ಟೆವು. ಮತ್ತೆ ಕೊಟ್ಟಿಗೆ, ಮತ್ತೆ ಬೀಗ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಬೇಲಿಯಾಚೆ ಮಗು ಅಳುವುದು ಕೇಳುತ್ತಿತ್ತು.

ನಮ್ಮನ್ನು ಒಳಗೆ ಬಿಟ್ಟಾಗ ಮಧ್ಯಾಹ್ನ ಮೂರೂವರೆ. ಅಲ್ಲಿನ ಭೌತಶಾಸ್ತ್ರದ ಮೇಷ್ಟ್ರು ಕಚಿಂಗ್ವೆ ಮೇಲ್ವಿಚಾರಕರು. ಎರಡು ಪ್ರಶ್ನೆ. ಮೊದಲನೆಯದು ಬಲದ್ದು. ಸ್ಪ್ರಿಂಗಿಗೆ ತೂಕ ನೇತು ಹಾಕಿ ಎಷ್ಟು ಹಿಗ್ಗುತ್ತದೆ ಅಂತ ಅಳೆಯುವುದು. ಅದು ಹೇಗೋ ಆಯಿತು. ಎರಡನೆಯದು ವಿದ್ಯುತ್ ಕ್ಷೇತ್ರದ್ದು. ತಟ್ಟೆಯಲ್ಲಿ ಉಪ್ಪುನೀರು, ಎರಡು ತುದಿಗೆ ಎರಡು ಲೋಹದ ಹಲಗೆ, ನಡುವೆ ಇಪ್ಪತ್ತು ಸೆಂಟಿಮೀಟರು. ಹಲಗೆಗಳಿಗೆ ನಾಲ್ಕು ಸೆಲ್ಲಿನ ಸಂಪರ್ಕ. ವೋಲ್ಟ್‌ಮೀಟರಿನ ತಂತಿಯನ್ನು ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಂದಿಡುತ್ತ ಹೋದರೆ ಸೆಂಟಿಮೀಟರಿಗೆ ಎಷ್ಟು ವೋಲ್ಟ್ ಏರುತ್ತದೆ ಅಂತ ತಿಳಿಯುತ್ತದೆ. ಎರಡೇ ತಟ್ಟೆ ಇದ್ದವು. ಹದಿನೇಳು ಜನ ಸರದಿಯಲ್ಲಿ ನಿಂತೆವು.

ಬೆಳಿಗ್ಗೆಯಿಂದ ಮೂರು ತಂಡ ಬಳಸಿದ ಸೆಲ್ಲುಗಳು. ಮಧ್ಯೆ ಯಾರೂ ತಂತಿ ಬಿಚ್ಚಿರಲಿಲ್ಲ. ಮೊದಲ ಸರದಿಯ ಉಲೆಮು ಎರಡು ತುದಿಯ ತಂತಿಯನ್ನು ನಾಲಿಗೆಗೆ ತಾಗಿಸಿ ನೋಡಿ ತಲೆಯಲ್ಲಾಡಿಸಿದ.

"ಸಾರ್, ಸೆಲ್ ಸತ್ತಿವೆ. ಒಂದು ಹತ್ತು ನಿಮಿಷ ಬಿಸಿಲಿಗೆ ಇಡ್ಲಾ?"

"ಬಿಸಿಲಿಗೆ ಹಾಕೋಕೆ ಅದೇನು ನಿಮ್ಮಜ್ಜಿ ಒಣಮೀನೇನೋ?" ಅಂದರು ಕಚಿಂಗ್ವೆ.

"ಹಂಗಾದ್ರೆ ಹೊಸದು ಕೊಡಿ ಸಾರ್."

"ಇನ್ನೊಂದು ಮಾತಾಡಿದ್ರೆ ಪರೀಕ್ಷೆಗೆ ಅಡ್ಡಿ ಮಾಡಿದ ಅಂತ ಬರೀತೀನಿ. ಸೆಲ್ ಮುಟ್ಟಿದ್ರೆ ಅಕ್ರಮ ಅಂತ ಬರೀತೀನಿ. ಯಾವುದು ಬೇಕು?"

ಉಲೆಮು ತಂತಿಯನ್ನು ನೀರಿಗಿಟ್ಟು ಓದತೊಡಗಿದ.

ನನ್ನ ಸರದಿ ಬಂತು. ಕಣ್ಣು ಮುಳ್ಳಿನ ಮಟ್ಟಕ್ಕೇ ಇರಬೇಕು, ಇಲ್ಲದಿದ್ದರೆ ಓದಿದ್ದು ತಪ್ಪಾಗುತ್ತದೆ. ಬಗ್ಗಿದೆ. ಕುಪ್ಪಸದಿಂದ ಹಾಲು ಮೇಜಿನ ಮೇಲೆ ತೊಟ್ಟಿಕ್ಕಿತು. ತೋಳಿನಿಂದ ಒರೆಸಿ ಓದಿದೆ. ಹತ್ತು ಸಲ ತಂತಿ ಸರಿಸಿ ಹತ್ತು ಸಲ ಓದಿದೆ. ಸೆಂಟಿಮೀಟರಿಗೆ ಸೊನ್ನೆ ಪಾಯಿಂಟ್ ಒಂದು ಐದು. ಅಷ್ಟೇ ಬಂತು.

ಎಷ್ಟು ಬರಬೇಕು ಅನ್ನುವುದು ನನಗೆ ಗೊತ್ತಿತ್ತು. ಹೊಸ ಸೆಲ್ ಒಂದಕ್ಕೆ ಒಂದೂವರೆ ವೋಲ್ಟ್. ನಾಲ್ಕಕ್ಕೆ ಆರು. ಆರನ್ನು ಇಪ್ಪತ್ತು ಸೆಂಟಿಮೀಟರಿಗೆ ಹಂಚಿದರೆ ಸೊನ್ನೆ ಪಾಯಿಂಟ್ ಮೂರು. ಇದು ಸಣ್ಣ ಮಗುವಿಗೂ ಬರುವ ಲೆಕ್ಕ. ಪೆನ್ನು ಹಿಡಿದು ಒಂದು ಗಳಿಗೆ ಕೂತೆ. ಮೂರು ಅಂತ ಬರೆದರೆ ಯಾರು ಕೇಳುತ್ತಾರೆ? ಆದರೆ ಮುಳ್ಳು ಮೂರು ಅನ್ನಲಿಲ್ಲ. ಒಂದು ಐದು ಅಂತ ಬರೆದೆ. ಸೆಲ್ಲುಗಳು ಕ್ಷೀಣಿಸಿವೆ ಅಂತಲೂ ಕೆಳಗೆ ಬರೆದೆ. ಹೊರಗೆ ಬಂದು ಕೇಳಿದರೆ ಹದಿನೇಳು ಜನರೂ ಹಾಗೇ ಬರೆದಿದ್ದರು. ಎಲ್ಲರಿಗೂ ಒಂದು ಐದು. ನಮಗೆ ಖುಷಿಯಾಗಿತ್ತು. ಎಲ್ಲರದ್ದೂ ಹೊಂದಿತಲ್ಲ, ಅಂದರೆ ಎಲ್ಲರದ್ದೂ ಸರಿ ಅಂತ. ದಾರಿಯುದ್ದಕ್ಕೂ ಹಾಡಿಕೊಂಡು ಮನೆಗೆ ಹೋದೆವು, ದಡ್ಡರು.

ನಾಲ್ಕು ತಿಂಗಳ ಮೇಲೆ ಫಲಿತಾಂಶ ಬಂತು. ನಮ್ಮದು ತಡೆಹಿಡಿಯಲಾಗಿದೆ ಅಂತ ಬಂತು. ಆಮೇಲೆ ಆ ಕಾಗದ ಬಂತು. ಮೇಲ್ವಿಚಾರಕರು ತಾವೇ ಮೊದಲು ಪ್ರಯೋಗ ಮಾಡಿ ತಮ್ಮ ಉತ್ತರವನ್ನು ಬೋರ್ಡಿಗೆ ಕಳಿಸುವುದು ನಿಯಮ. ಮಕ್ಕಳ ಉತ್ತರವನ್ನು ಅದರ ಪಕ್ಕ ಇಟ್ಟು ಅಂಕ ಕೊಡುತ್ತಾರೆ. ಕಚಿಂಗ್ವೆ ಕಳಿಸಿದ್ದು ಸೊನ್ನೆ ಪಾಯಿಂಟ್ ಮೂರು. ಅವರು ಬೆಳಿಗ್ಗೆ ಏಳಕ್ಕೆ ಹೊಸ ಸೆಲ್ ಹಾಕಿ ಮಾಡಿದ್ದು.

ವಿಚಾರಣೆಗೆ ಅದೇ ಲ್ಯಾಬಿಗೆ ಕರೆದರು. ಒಳಗೆ ಹೋಗುವ ಮೊದಲು ಲೆಫಾನಿ ಮೇಷ್ಟ್ರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮುಖ ಬೂದಿ ಬಳಿದ ಹಾಗಿತ್ತು.

"ಸಹಿ ಹಾಕ್ಬಿಡ್ರಮ್ಮ. ನಾನು ಹಾಕಿದ್ದೀನಿ."

"ಏನಂತ ಹಾಕಿದ್ರಿ ಮೇಷ್ಟ್ರೇ?"

"ನಾನೇ ಉತ್ರ ಹೇಳ್ಕೊಟ್ಟೆ ಅಂತ."

"ನೀವು ಲ್ಯಾಬ್ ಒಳಗೇ ಬಂದಿರ್ಲಿಲ್ಲ. ಗೇಟಲ್ಲೇ ನಿಲ್ಸಿದ್ರು ನಿಮ್ಮನ್ನ."

"ನಾನು ಗುತ್ತಿಗೆಯೋನು, ಫಲೇಸಿ. ಹಾಕ್ದಿದ್ರೆ ನಾಳೆನೇ ಮನೆಗೆ. ನಂಗೂ ಮಕ್ಕಳಿದಾರೆ ತಾಯಿ."

ಸಿಟ್ಟು ಬಂತು. ಕಚಿಂಗ್ವೆಯ ಮೇಲೆ ಬಂದಿದ್ದಕ್ಕಿಂತ ಹೆಚ್ಚು ಅವರ ಮೇಲೆ ಬಂತು. ನಮಗೆ ಮುಳ್ಳು ಓದಲು ಕಲಿಸಿದ ಕೈ ಅದು. ಅದೇ ಕೈ ಸುಳ್ಳಿಗೆ ಸಹಿ ಹಾಕಿತ್ತು. ಅವರು ಅಳುತ್ತಿದ್ದರು, ನಾನು ಮುಖ ತಿರುಗಿಸಿಕೊಂಡೆ.

ಒಳಗೆ ಮೇಜಿನ ಹಿಂದೆ ಮೂವರಿದ್ದರು. ರಾಜಧಾನಿ ಲಿಲಾಂಗ್ವೆಯಿಂದ ಬಂದ ಬೋರ್ಡಿನ ಅಧಿಕಾರಿಣಿ ನಡುವೆ, ಹಾಸ್ಟೆಲ್ ಶಾಲೆಯ ಹೆಡ್‌ಮಾಸ್ಟರು ಎಡಕ್ಕೆ, ಕಚಿಂಗ್ವೆ ಬಲಕ್ಕೆ. ನಮ್ಮವರು ಗೋಡೆಯುದ್ದಕ್ಕೂ ನಿಂತರು. ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ಕಾಗದ ಮುಂದಿಡುತ್ತಿದ್ದರು. ಹುಡುಗಿಯರು ದೊಡ್ಡವರ ಮುಂದೆ ಮೊಣಕಾಲೂರಿಯೇ ಮಾತಾಡಬೇಕು. ಊರಿದರು, ಸಹಿ ಹಾಕಿದರು, ಎದ್ದರು. ಹದಿನಾರು ಜನ ಹಾಕಿದರು. ಉಲೆಮು ಕೂಡ. ಅವನು ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು, ಇನ್ನೊಂದು ಕೊಟ್ಟರು.

ನಾನೂ ಹೋಗಿ ಮೊಣಕಾಲೂರಿದೆ. ಹೆಡ್‌ಮಾಸ್ಟರು ಪೆನ್ನು ನೂಕಿದರು. ಕಾಗದ ಓದಿದೆ. ಒಪ್ಪಿಕೊಳ್ಳುತ್ತೇನೆ ಅನ್ನುವ ಮಾತು ಮೂರು ಸಲ ಇತ್ತು. ಮಂಡಿಯೂರಿಕೊಂಡು ಇಲ್ಲ ಅನ್ನುವುದಕ್ಕೆ ನಮ್ಮಲ್ಲಿ ಯಾರೂ ಕಲಿಸಿಲ್ಲ. ಎದ್ದು ನಿಂತೆ.

"ಹಾಕಲ್ಲ."

"ಕೂತ್ಕೊಂಡು ಮಾತಾಡೇ," ಅಂದರು ಹೆಡ್‌ಮಾಸ್ಟರು. "ದೊಡ್ಡೋರ ಮುಂದೆ ಕಂಬದ ಥರ ನಿಂತ್ಕೋತಾಳೆ."

"ನಾನು ಕದ್ದಿಲ್ಲ. ಹಾಕಲ್ಲ."

ಅಧಿಕಾರಿಣಿ ಕನ್ನಡಕ ಸರಿಮಾಡಿಕೊಂಡರು. ಕೆಟ್ಟ ಹೆಂಗಸಲ್ಲ. ದನಿ ಮೆತ್ತಗಿತ್ತು. "ನೋಡಮ್ಮ, ಹದಿನೇಳು ಜನ. ಹದಿನೇಳು ಜನಕ್ಕೂ ಒಂದೇ ಉತ್ರ. ಅದು ಹೇಗೆ ಸಾಧ್ಯ, ನೀನೇ ಹೇಳು."

"ಒಂದೇ ಪಾತ್ರೆ ನ್ಸಿಮಾ ಮುದ್ದೆ ತಿಂದೋರಿಗೆ ಹದಿನೇಳು ರುಚಿ ಬರ್ತದಾ ಅಮ್ಮಾವ್ರೇ? ಎರಡು ತಟ್ಟೆ, ಅವೇ ಸತ್ತ ಸೆಲ್ಲು. ಬೇರೆ ಬೇರೆ ಹೆಂಗೆ ಬರತ್ತೆ? ಬಂದಿದ್ರೆ ಅದು ಕಳ್ಳತನ."

"ಬಾಯಿ ನೋಡಿ ಇದರದ್ದು," ಅಂದರು ಕಚಿಂಗ್ವೆ.

"ಹಾಸ್ಟೆಲಿನೋರಿಗೆ ಎಷ್ಟು ಬಂತು?" ಅಂತ ನಾನು ಅಧಿಕಾರಿಣಿಯನ್ನೇ ಕೇಳಿದೆ.

ಅವರು ಕಡತ ತಿರುಗಿಸಿದರು. "ಸೊನ್ನೆ ಪಾಯಿಂಟ್ ಮೂರು."

"ಎಲ್ರಿಗೂ?"

"ಎಲ್ರಿಗೂ."

"ಅವರದ್ದೂ ಒಂದೇ ಅಲ್ವಾ ಮತ್ತೆ?"

"ಅದು ಸರಿ ಉತ್ರ ಕಣಮ್ಮ."

ಗೋಡೆಯ ಹತ್ತಿರ ಯಾರೋ ಉಸಿರು ಬಿಟ್ಟರು. ನನ್ನ ಭಯ ಹೋಗಿತ್ತು. ಅದು ಯಾವಾಗ ಹೋಯಿತೋ ಗೊತ್ತಿಲ್ಲ.

"ಪ್ರಶ್ನೆಪತ್ರಿಕೆ ಜೊತೆ ಬೋರ್ಡಿನೋರು ಸೆಲ್ ಕಳ್ಸಿರ್ಲಿಲ್ವಾ?" ಅಂದೆ.

"ಕಳ್ಸಿದ್ವಿ. ತಂಡಕ್ಕೊಂದು ಪೊಟ್ಟಣ. ನಾಲ್ಕು ಪೊಟ್ಟಣ." ಹಾಗೆ ಹೇಳುತ್ತಲೇ ಅವರು ಕಚಿಂಗ್ವೆಯ ಕಡೆ ತಿರುಗಿದರು. "ನಾಲ್ಕನೇದು ಇವರಿಗೆ ಹಾಕಿದ್ರಿ ಅಲ್ವಾ?"

ಕಚಿಂಗ್ವೆ ಅಂಜಲಿಲ್ಲ. ಅಂಜಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಎದ್ದು ಹೋಗಿ ಬೀರು ತೆಗೆದರು. ಬೋರ್ಡಿನ ಮೊಹರು ಹಾಗೇ ಇದ್ದ ಮೂರು ಪೊಟ್ಟಣ ಅಲ್ಲಿದ್ದವು.

"ಎತ್ತಿಟ್ಟಿದ್ದೀನಿ. ಒಂದೇ ಸಾಕಾಯ್ತು. ಮುಂದಿನ ವರ್ಷ ನಮ್ಮ ಮಕ್ಕಳಿಗೆ ಬೇಕಾಗತ್ತೆ."

"ಇವರಿಗೆ ಕೊಡ್ಬಹುದಿತ್ತಲ್ಲ," ಅಂದರು ಅಧಿಕಾರಿಣಿ.

"ಮೇಡಂ, ಇವರು ಹೆಂಗೂ ಫೇಲಾಗೋರು. ಹೊಸ ಸೆಲ್ ಯಾಕೆ ದಂಡ ಮಾಡೋದು?"

ಹಾಗಂದರು. ಇಪ್ಪತ್ತು ಜನರ ಎದುರು ಅಂದರು. ಮಳೆ ಬರುತ್ತದೆ, ಬಟ್ಟೆ ಒಳಗೆ ತನ್ನಿ ಅನ್ನುವ ದನಿಯಲ್ಲಿ ಅಂದರು. ಹೆಡ್‌ಮಾಸ್ಟರು ತಲೆಯಾಡಿಸಿದರು. ಬಾಗಿಲ ಹತ್ತಿರ ನಿಂತಿದ್ದ ಲೆಫಾನಿ ಮೇಷ್ಟ್ರು ಮುಖ ಮುಚ್ಚಿಕೊಂಡರು.

"ಒಂದೇ ಪೊಟ್ಟಣ ಅಂದ್ರೆ ಅವರ ಮೂರನೇ ತಂಡಕ್ಕೂ ಸೆಲ್ ಸೋತಿರ್ಬೇಕು," ಅಂದೆ ನಾನು. "ಅವರಿಗೂ ಸೊನ್ನೆ ಪಾಯಿಂಟ್ ಮೂರು ಹೆಂಗೆ ಬಂತು ಸಾರ್? ಮುಳ್ಳು ಹೇಳ್ತಾ, ನೀವು ಹೇಳಿದ್ರಾ?"

ಕಚಿಂಗ್ವೆ ಬೀರುವಿನ ಬಾಗಿಲು ಹಾಕಿದರು. ಅಧಿಕಾರಿಣಿ ಕಡತ ನೋಡಿದರು, ಬೀರು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು. ತಿಳಿದದ್ದು ನನಗೆ ಕಂಡಿತು. ಅವರ ಕೈ ಪೆನ್ನಿನ ಮೇಲೆ ಹೋಗಿ ಅಲ್ಲೇ ನಿಂತಿತು.

"ಬರ್ಕೊಳ್ಳಿ ಅಮ್ಮಾವ್ರೇ," ಅಂದೆ.

"ಏನಮ್ಮ?"

"ಅವರು ಈಗ ಹೇಳಿದ್ದು. ಇವರು ಹೆಂಗೂ ಫೇಲಾಗೋರು, ಹೊಸ ಸೆಲ್ ಯಾಕೆ ದಂಡ ಅಂತ. ಆ ಮಾತು ಹಾಗೇ ಬರ್ಕೊಳ್ಳಿ. ನಾವು ಕಂಡಿದ್ದನ್ನ ಬರೆದ್ವಿ. ನೀವು ಕೇಳಿದ್ದನ್ನ ಬರೀರಿ."

"ಇವತ್ತಿನ ವಿಚಾರಣೆ ನಿಮ್ಮ ನಕಲಿನ ಬಗ್ಗೆ. ಇದು ಬೇರೆ ವಿಷ್ಯ. ಬೇರೆ ದೂರು ಕೊಡ್ಬೇಕು."

"ಪೆನ್ನು ಕೈಲೇ ಇದೆಯಲ್ಲ."

ಅವರು ದನಿ ತಗ್ಗಿಸಿದರು. ಮೇಜಿನ ಮೇಲೆ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಅಂದರು: "ನಿನ್ನ ಒಳ್ಳೇದಕ್ಕೆ ಹೇಳ್ತೀನಿ ಮಗಾ. ಒಂದು ಸಹಿ. ಮುಂದಿನ ವರ್ಷ ಬರೀ, ಪಾಸಾಗು, ಮುಂದೆ ಓದು. ನಾನು ಅದನ್ನ ಬರೆದ್ರೆ ಮೂರು ತಂಡದ ಫಲಿತಾಂಶ ರದ್ದಾಗತ್ತೆ. ಯಾರ್ಯಾರ ಮಕ್ಕಳಿದಾರೆ ಗೊತ್ತಾ ಅದರಲ್ಲಿ? ನನ್ನ ಕೆಲ್ಸ ಉಳಿಯಲ್ಲ."

"ನಮ್ಮ ಮೇಷ್ಟ್ರೂ ಇದನ್ನೇ ಅಂದ್ರು," ಅಂದೆ. ಎಲ್ಲರಿಗೂ ಕೇಳುವ ಹಾಗೆಯೇ ಅಂದೆ.

ಅವರ ಮುಖ ಕೆಂಪೇರಿತು. ನೆಟ್ಟಗೆ ಕೂತರು. "ಮೂರು ವರ್ಷ ಅಂತ ಬರೀಬೇಕಾಗತ್ತೆ ನಾನು."

"ಬರೀರಿ."

ಅದನ್ನು ಬರೆಯಲು ಪೆನ್ನು ನಡೆಯಿತು. ಏನೂ ತೊಡಕಿಲ್ಲದೆ ನಡೆಯಿತು. ನಾನು ನಿಂತು ನೋಡಿದೆ. ನನ್ನ ಹೆಸರು, ಮೂರು ವರ್ಷ, ಕೆಳಗೆ ಅವರ ಸಹಿ. ಅಷ್ಟರಲ್ಲಿ ಉಲೆಮು ಗೋಡೆ ಬಿಟ್ಟು ಬಂದ. "ನನ್ನ ಕಾಗದ ವಾಪಸ್ ಕೊಡಿ," ಅಂದ. ಸಹಿ ಹಾಕಿದ ಮೇಲೆ ಕೊಡುವುದಿಲ್ಲ ಅಂದರು ಹೆಡ್‌ಮಾಸ್ಟರು. ಕೊಡದಿದ್ದರೆ ಹೋಗುವುದಿಲ್ಲ ಅಂತ ಅವನು ಅಲ್ಲೇ ಸಿಮೆಂಟಿನ ಮೇಲೆ ಕೂತ. ಅವನ ಪಕ್ಕ ಇನ್ನಿಬ್ಬರು ಕೂತರು. ಉಳಿದವರು ಕೂರಲಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಒಂದು ವರ್ಷ ಕಾಯುವುದೇ ಅವರ ಮನೆಗಳಿಗೆ ಹೆಚ್ಚು. ಕಾವಲುಗಾರರು ಬಂದು ಉಲೆಮುವಿನ ಕಾಲು ಹಿಡಿದು ಹೊರಗೆಳೆದರು. ಮೊಣಕೈ ಚರ್ಮ ಹೋಯಿತು. ಮಿಕ್ಕ ಇಬ್ಬರನ್ನೂ ಎಳೆದರು.

ಮನೆಯಲ್ಲಿ ಅವ್ವ ಜೋಳ ಕುಟ್ಟುತ್ತಿದ್ದಳು. ಹೇಳಿದೆ. ಒನಕೆ ನಿಲ್ಲಿಸಲಿಲ್ಲ. "ಒಂದು ಸಹಿಗೆ ಮೂರು ವರ್ಷ ಕಳ್ಕೊಂಡ್ಯಾ? ಎಂಥಾ ಹಟವೇ ನಿಂದು," ಅಂದಳು. ಇನ್ನೂ ನಾಲ್ಕು ಏಟು ಹಾಕಿದ ಮೇಲೆ ಕೇಳಿದಳು: "ಅವನು ನಿಜವಾಗ್ಲೂ ಹಂಗಂದ್ನಾ? ದಂಡ ಅಂತ?"

"ಅಂದ."

"ಯಾರಾದ್ರೂ ಬರ್ಕೊಂಡ್ರಾ?"

"ಇಲ್ಲ."

"ಹಂಗಾದ್ರೆ ನೀನು ಬರಿ," ಅಂದಳು. ಅವಳಿಗೆ ಓದಲು ಬರುವುದಿಲ್ಲ.

ಬರೆದಿದ್ದೇನೆ. ಪರೀಕ್ಷೆಯ ದಿನ ಎರಡು ತಟ್ಟೆಯಲ್ಲೂ ಬಂದ ಅಳತೆ ಸೆಂಟಿಮೀಟರಿಗೆ ಸೊನ್ನೆ ಪಾಯಿಂಟ್ ಒಂದು ಐದು ವೋಲ್ಟ್. ಬೀರುವಿನಲ್ಲಿ ಮೊಹರು ಒಡೆಯದ ಪೊಟ್ಟಣ ಮೂರು. ಕಚಿಂಗ್ವೆ ಆಡಿದ ಮಾತು ಮೇಲೆ ಇದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಧಿಕಾರಿಣಿ ಅದನ್ನು ಕೇಳಿದರು, ಬರೆದುಕೊಳ್ಳಲಿಲ್ಲ. ಇದಕ್ಕೆ ಸಹಿ ಹಾಕಲು ನನಗೆ ಯಾರ ಪೆನ್ನೂ ಬೇಡ.

ಫಲೇಸಿ ಲಿಕಾಗ್ವಾ, ಅಭ್ಯರ್ಥಿ ಸಂಖ್ಯೆ ೦೧೭.